ಫೀಸಿಲ್ಲದ ಕಾಲೇಜು: ಸ್ಯಾನ್ ಫ್ರಾನ್ಸಿಸ್ಕೋ ನಗರದ ಕಥೆ

(ಅಧ್ಯಾಪಕ ಮಿತ್ರರೂ ಕಾರ್ಮಿಕ ಬಂಧುಗಳೂ ಸೇರಿದ್ದ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ನಾವು ಕೆಲವು ಕಾಲ ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರ ಮೇಷ್ಟ್ರ ಮನೆಯ ಜಗುಲಿಗೆ ಹುಡುಗರು ಬರುವುದುಂಟು. ‘ಮುಂದಕ್ಕೆ ಓದಬೇಕು ಅಂತ ಆಸೆ ಸಾರ್, ಆದರೆ’ ಎಂದು ಅಲ್ಲಿಗೇ ಮಾತು ನಿಲ್ಲಿಸುತ್ತಾರೆ. ಆ ‘ಆದರೆ’ಯ ಮುಂದೆ ಏನಿದೆಯೆಂದು ಹುಡುಗನಿಗೂ ಗೊತ್ತು, ಮೇಷ್ಟ್ರಿಗೂ ಗೊತ್ತು. ಫೀಸು ಎಷ್ಟಾಗುತ್ತದೆಂದು ಇಬ್ಬರೂ ಬಾಯಿಬಿಟ್ಟು ಹೇಳುವುದಿಲ್ಲ. ನಾವೂ ಅದಕ್ಕಿಂತ ಮುಂದಕ್ಕೆ ಕಾಲೇಜು ಕಂಡವರಲ್ಲ. ಆದುದರಿಂದ ಒಂದು ಕಾಲೇಜು ಸುಮಾರು ಐವತ್ತು ವರ್ಷ ಕಾಲ ಊರಿನವರಿಂದ ಬೋಧನಾ ಶುಲ್ಕವನ್ನೇ ಕೇಳದೆ ನಡೆಯಿತು, ಆಮೇಲೆ ಫೀಸು ಹಾಕಿತು, ಮತ್ತೆ ಊರಿನ ಜನರೇ ಓಟು ಹಾಕಿ ಆ ಫೀಸನ್ನು ತೆಗೆಸಿದರು ಎಂಬ ಸಂಗತಿ ಕಣ್ಣಿಗೆ ಬಿದ್ದಾಗ, ಅದನ್ನು ಬುಡದಿಂದ ತಿಳಿದುಕೊಳ್ಳದೆ ಬಿಡಲು ನಮಗೆ ಮನಸ್ಸಾಗಲಿಲ್ಲ.

ಈ ಕಾಲೇಜು ಇರುವುದು ಅಮೆರಿಕದಲ್ಲಿ. ಕೆಲವರು ನಗುತ್ತಿದ್ದೀರಿ. ಬಂಡವಾಳಶಾಹಿಯ ತವರುಮನೆಯಲ್ಲಿ ಧರ್ಮದ ಕಾಲೇಜೇ ಎಂದು ನಿಮ್ಮ ಪ್ರಶ್ನೆ. ಅದು ಧರ್ಮದ ಕಾಲೇಜಲ್ಲ, ತೆರಿಗೆಯ ಕಾಲೇಜು. ಈ ಎರಡಕ್ಕೂ ಇರುವ ವ್ಯತ್ಯಾಸವನ್ನು ಹೇಳುವುದಕ್ಕೇ ನಾವು ನಿಂತಿರುವುದು.

ಮೊದಲು ‘ಸಮುದಾಯ ಕಾಲೇಜು’ ಎಂದರೇನೆಂದು ಎರಡು ಮಾತು. ಪ್ರೌಢಶಾಲೆ ಮುಗಿಸಿದವರಿಗೆ ಮುಂದಿನ ಎರಡು ವರ್ಷದ ಓದನ್ನು ಅವರ ಊರಿನಲ್ಲೇ ಕೊಡುವ ಸಾರ್ವಜನಿಕ ವಿದ್ಯಾಸಂಸ್ಥೆ ಅದು. ಅಲ್ಲಿ ಎರಡು ವರ್ಷ ಓದಿದವನು ವಿಶ್ವವಿದ್ಯಾನಿಲಯದ ಮೂರನೆಯ ವರ್ಷಕ್ಕೆ ಸೇರಬಹುದು. ಇಲ್ಲವೆ ನರ್ಸಿಂಗ್, ಅಡುಗೆ, ಯಂತ್ರದ ಕೆಲಸ, ಲೆಕ್ಕ ಬರೆಯುವ ಕೆಲಸ, ಏನಾದರೊಂದನ್ನು ಕಲಿತು ದುಡಿಮೆಗೆ ಹೊರಡಬಹುದು. ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನಲ್ಲಿ 1901ರಲ್ಲಿ ಪ್ರೌಢಶಾಲೆಯೊಂದರ ಜೊತೆಗೆ ಆರು ಮಂದಿ ವಿದ್ಯಾರ್ಥಿಗಳಿಂದ ಇದು ಪ್ರಾರಂಭವಾಯಿತು. ಕ್ಯಾಲಿಫೋರ್ನಿಯಾ ರಾಜ್ಯವು 1907ರಲ್ಲಿ ಕಾನೂನು ಮಾಡಿ, ಪ್ರೌಢಶಾಲೆಗಳು ಇಂತಹ ಮುಂದಿನ ತರಗತಿಗಳನ್ನು ನಡೆಸಬಹುದೆಂದಿತು. 1910ರಲ್ಲಿ ಫ್ರೆಸ್ನೋ ಎಂಬಲ್ಲಿ ಆ ರಾಜ್ಯದ ಮೊದಲನೆಯದು ತೆರೆಯಿತು. ಸಣ್ಣಪುಟ್ಟ ಊರುಗಳು ಹೀಗೆ ಮುಂದೆ ಹೋದವು. ಸ್ಯಾನ್ ಫ್ರಾನ್ಸಿಸ್ಕೋದಂತಹ ದೊಡ್ಡ ಬಂದರು ನಗರ ಮಾತ್ರ 1935ರವರೆಗೆ ಸುಮ್ಮನೆ ಕುಳಿತಿತ್ತು.

ಆ ವರ್ಷವನ್ನು ಸ್ವಲ್ಪ ಗಮನಿಸಬೇಕು. 1929ರಲ್ಲಿ ಪ್ರಾರಂಭವಾದ ಆರ್ಥಿಕ ಮುಗ್ಗಟ್ಟು ಇನ್ನೂ ಕಳೆದಿರಲಿಲ್ಲ. 1934ರಲ್ಲಿ ಅದೇ ಊರಿನ ಹಡಗುಕಟ್ಟೆಯ ಕಾರ್ಮಿಕರು ಮುಷ್ಕರ ಹೂಡಿದರು. ಜುಲೈ 5ರಂದು ಪೋಲೀಸರ ಗುಂಡಿಗೆ ಇಬ್ಬರು ಸತ್ತರು. ಆಮೇಲೆ ಇಡೀ ನಗರವೇ ಕೆಲಸ ನಿಲ್ಲಿಸಿತು. ಅದಾದ ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೋ ಜೂನಿಯರ್ ಕಾಲೇಜು ಹುಟ್ಟಿತು. ಮುಷ್ಕರದಿಂದಲೇ ಕಾಲೇಜು ಬಂತೆಂದು ನಾವು ಹೇಳುವುದಿಲ್ಲ. ಹಾಗೆ ಹೇಳಿದರೆ ತಪ್ಪಾಗುತ್ತದೆ. ಕೆಲಸವೂ ಇಲ್ಲದೆ, ಓದಲು ಹಣವೂ ಇಲ್ಲದೆ ಬೀದಿಯಲ್ಲಿ ನಿಂತಿದ್ದ ಸಾವಿರಾರು ಹುಡುಗ ಹುಡುಗಿಯರ ಊರು ಅದಾಗಿತ್ತೆಂದು ಮಾತ್ರ ಹೇಳುತ್ತೇವೆ.

ಕಾಲೇಜಿಗೆ ಸ್ವಂತ ಕಟ್ಟಡವಿರಲಿಲ್ಲ. ಆರ್ಚಿಬಾಲ್ಡ್ ಕ್ಲೌಡ್ ಎಂಬ ಹಳೆಯ ಶಿಕ್ಷಣಾಧಿಕಾರಿ ಅದರ ಮೊದಲ ಅಧ್ಯಕ್ಷರು. ಬೆಳಗ್ಗೆ ವಿಶ್ವವಿದ್ಯಾನಿಲಯದ ಒಂದು ಶಾಖೆಯ ಕಟ್ಟಡದಲ್ಲಿ ಪಾಠ, ಮಧ್ಯಾಹ್ನ ಗೆಲಿಲಿಯೋ ಪ್ರೌಢಶಾಲೆಯಲ್ಲಿ ಪಾಠ. ವಿದ್ಯಾರ್ಥಿಗಳು ಹೆಚ್ಚಿದಂತೆ ಊರಿನ ತುಂಬ ಎಲ್ಲೆಲ್ಲಿ ಕೋಣೆ ಸಿಕ್ಕಿತೋ ಅಲ್ಲೆಲ್ಲ ಕ್ಲಾಸು ನಡೆಯಿತು. ಒಂದು ಕ್ಲಾಸಿನಿಂದ ಇನ್ನೊಂದಕ್ಕೆ ಹೋಗಬೇಕಾದರೆ ಟ್ರಾಮು ಹತ್ತಬೇಕು. ಊರಿನವರು ಅದಕ್ಕೆ ‘ಟ್ರಾಮು ಗಾಡಿಯ ಕಾಲೇಜು’ ಎಂಬ ಅಡ್ಡಹೆಸರನ್ನೇ ಇಟ್ಟುಬಿಟ್ಟರು. ಕಟ್ಟಡವಿಲ್ಲವೆಂದು ಶಾಲೆ ತೆರೆಯಲು ಮೀನಮೇಷ ಎಣಿಸುವ ಅಧಿಕಾರಿಗಳನ್ನು ನಾವು ಕಂಡಿದ್ದೇವೆ. ಶಾಲೆಗೆ ಮೊದಲು ಬೇಕಾದವರು ಮೇಷ್ಟ್ರು ಮತ್ತು ಮಕ್ಕಳು, ಗೋಡೆ ಆಮೇಲೆ.

ಗೋಡೆಯೂ ಬಂತು. ಊರಿನ ದಕ್ಷಿಣ ಭಾಗದಲ್ಲಿ ಹಳೆಯ ಜೈಲೊಂದು ಇತ್ತು. ಕೈದಿಗಳನ್ನು ಬೇರೆಡೆ ಕಟ್ಟಿದ ಹೊಸ ಜೈಲಿಗೆ ಸಾಗಿಸಿದ್ದರಿಂದ ಆ ಜಾಗ ಖಾಲಿ ಬಿದ್ದಿತ್ತು. ಆ ಗುಡ್ಡದ ಮೇಲೆ, ನಗರದ ಹಣಕ್ಕೆ ಕೇಂದ್ರ ಸರ್ಕಾರದ ಲೋಕೋಪಯೋಗಿ ಯೋಜನೆಯ ಹಣವೂ ಸೇರಿ, ಟಿಮೊತಿ ಫ್ಲೂಗರ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ ವಿಜ್ಞಾನ ಭವನ ಎದ್ದು 1940ರಲ್ಲಿ ತೆರೆಯಿತು. ಜೈಲಿದ್ದಲ್ಲಿ ಕಾಲೇಜು!

ಅದೇ 1940ರಲ್ಲಿ ಇನ್ನೊಂದು ಸ್ವಾರಸ್ಯದ ಸಂಗತಿ ನಡೆಯಿತು. ಊರಿನ ಕೊಲ್ಲಿಯ ನಡುವೆ ಕಟ್ಟಿದ ದ್ವೀಪದಲ್ಲಿ ಒಂದು ಮಹಾ ವಸ್ತುಪ್ರದರ್ಶನ ನಡೆಯುತ್ತಿತ್ತು. ಫ್ಲೂಗರ್ ಅವರು ಮೆಕ್ಸಿಕೋ ದೇಶದ ಚಿತ್ರಕಾರ ಡಿಯೆಗೊ ರಿವೇರಾ ಅವರನ್ನು ಅಲ್ಲಿಗೆ ಕರೆಸಿದರು. ಬಂಡವಾಳಗಾರರ ಕಣ್ಣಿಗೆ ಮುಳ್ಳಾದ ಆ ಮನುಷ್ಯ, ನೋಡಲು ಬಂದ ಜನರ ಎದುರಿನಲ್ಲೇ ಅಟ್ಟಣೆ ಹತ್ತಿ, 22 ಅಡಿ ಎತ್ತರ 74 ಅಡಿ ಉದ್ದದ ಭಿತ್ತಿಚಿತ್ರವನ್ನು ಬರೆದರು. ಅಮೆರಿಕ ಖಂಡದ ಉತ್ತರದವರೂ ದಕ್ಷಿಣದವರೂ ಒಂದಾಗುವುದು ಅದರ ವಸ್ತು. ಯಂತ್ರವೂ ಇದೆ, ಹಳೆಯ ದೇವತೆಗಳೂ ಇದ್ದಾರೆ, ಕಮ್ಮಾರರಿದ್ದಾರೆ, ಚಾರ್ಲಿ ಚಾಪ್ಲಿನ್ ಇದ್ದಾನೆ, ಹಿಟ್ಲರನೂ ಇದ್ದಾನೆ. ಕಾಲೇಜಿನಲ್ಲಿ ಕಟ್ಟಬೇಕೆಂದಿದ್ದ ಪುಸ್ತಕ ಭಂಡಾರದ ಗೋಡೆಗೆಂದು ಅದನ್ನು ಬರೆಸಿದ್ದು. ಅಷ್ಟರಲ್ಲಿ ಯುದ್ಧ ಬಂತು. ಆ ಪುಸ್ತಕ ಭಂಡಾರ ಕಟ್ಟಲಾಗಲಿಲ್ಲ. ಫ್ಲೂಗರ್ 1946ರಲ್ಲಿ ತೀರಿಕೊಂಡರು. ಚಿತ್ರ ಪೆಟ್ಟಿಗೆಯೊಳಗೆ ವರ್ಷಗಟ್ಟಲೆ ಮಲಗಿತು. 1961ರಲ್ಲಿ ಕಾಲೇಜಿನ ನಾಟಕ ಶಾಲೆಯ ಮುಂಭಾಗದಲ್ಲಿ ಅದನ್ನು ನಿಲ್ಲಿಸಿದರು. 2021ರಲ್ಲಿ ಊರಿನ ದೊಡ್ಡ ಕಲಾಶಾಲೆಯೇ ಕಾಲೇಜಿನಿಂದ ಅದನ್ನು ಎರವಲು ಕೇಳಿ ಪಡೆಯಿತು. ಬಡವರ ಮಕ್ಕಳ ಕಾಲೇಜಿನಿಂದ ಶ್ರೀಮಂತರ ಕಲಾಶಾಲೆ ಸಾಲ ಪಡೆದದ್ದು ನಮಗಂತೂ ಬಹಳ ಹಿಡಿಸಿತು.

ಇರಲಿ, ಮಾತು ಬೇರೆ ಕಡೆ ಹೋಯಿತು.

ಯುದ್ಧ ಮುಗಿದು ಸೈನಿಕರು ಹಿಂತಿರುಗಿದಾಗ ಕಾಲೇಜು ಕಿಕ್ಕಿರಿಯಿತು. 1944ರ ಕಾನೂನಿನಂತೆ ಅವರ ವಿದ್ಯಾಭ್ಯಾಸದ ವೆಚ್ಚವನ್ನು ಕೇಂದ್ರ ಸರ್ಕಾರ ಹೊತ್ತಿತ್ತು. ಕಾಲೇಜಿನ ಪಕ್ಕದಲ್ಲಿ ಯುದ್ಧಕಾಲದಲ್ಲಿ ನೌಕಾದಳದ ಮಹಿಳೆಯರಿಗೆಂದು ಕಟ್ಟಿದ್ದ ಬ್ಯಾರಕ್ಕುಗಳಿದ್ದವು. ಅವುಗಳಲ್ಲಿ ಕ್ಲಾಸುಗಳು ನಡೆದವು. ಮುಂದೆ 1950ರ ದಶಕದಲ್ಲಿ ನಗರದ ನೀರಿನ ಇಲಾಖೆ ಆ ಜಾಗವನ್ನು ಹಿಂದಕ್ಕೆ ಪಡೆದು ಜಲಾಶಯಕ್ಕೆಂದು ಅಗೆಸಿತು. ಅದಕ್ಕೆ ಒಂದು ದಿವಸವೂ ನೀರು ತುಂಬಲಿಲ್ಲ! ಆ ಒಣ ಕೆರೆಯಲ್ಲಿ ವಿದ್ಯಾರ್ಥಿಗಳು ಮೋಟಾರು ನಿಲ್ಲಿಸುತ್ತ ಬಂದರು. 2020ರಲ್ಲಿ ನಗರಸಭೆಯವರು ಅಲ್ಲಿ 1,100 ಮನೆ ಕಟ್ಟಲು ಒಪ್ಪಿಗೆ ಕೊಟ್ಟರು. ಮನೆ ಬೇಡವೆಂದು ಯಾರೂ ಹೇಳಲಾರರು. ಆದರೆ ಸಾರ್ವಜನಿಕ ಜಮೀನನ್ನು ಖಾಸಗಿ ಗುತ್ತಿಗೆದಾರರ ಕೈಗೆ ಏಕೆ ಕೊಡಬೇಕು, ಕಾಲೇಜು ಬೆಳೆಯಲು ಜಾಗವೆಲ್ಲಿ ಎಂದು ಆ ಊರಿನಲ್ಲಿ ದೊಡ್ಡ ಜಗಳವೇ ನಡೆಯಿತು.

1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗವು, ಹದಿನಾಲ್ಕನೆಯ ತರಗತಿಯವರೆಗೆ, ಅಂದರೆ ಕಾಲೇಜಿನ ಎರಡು ವರ್ಷಗಳವರೆಗೆ, ಸಾರ್ವಜನಿಕ ಶಿಕ್ಷಣ ಉಚಿತವಾಗಿರಬೇಕೆಂದೂ ಅದಕ್ಕಾಗಿ ದೇಶದ ಎಲ್ಲೆಡೆ ಸಮುದಾಯ ಕಾಲೇಜುಗಳು ಏಳಬೇಕೆಂದೂ ಹೇಳಿತು. ಮರುವರ್ಷ ನಮ್ಮ ಕಥೆಯ ಕಾಲೇಜು ‘ಜೂನಿಯರ್’ ಎಂಬ ಮಾತನ್ನು ಬಿಟ್ಟು ‘ಸಿಟಿ ಕಾಲೇಜ್ ಆಫ್ ಸ್ಯಾನ್ ಫ್ರಾನ್ಸಿಸ್ಕೋ’ ಆಯಿತು. 1960ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವು ಒಂದು ದೊಡ್ಡ ಯೋಜನೆ ಹಾಕಿತು. ಪ್ರೌಢಶಾಲೆಯಲ್ಲಿ ಮೇಲಿನ ಎಂಟನೆಯ ಒಂದು ಪಾಲು ಬಂದವರಿಗೆ ವಿಶ್ವವಿದ್ಯಾನಿಲಯ. ಮೇಲಿನ ಮೂರನೆಯ ಒಂದು ಪಾಲಿನವರಿಗೆ ರಾಜ್ಯ ಕಾಲೇಜು. ಉಳಿದ ಎಲ್ಲರಿಗೂ ಊರಿನ ಎರಡು ವರ್ಷದ ಕಾಲೇಜು. ಈ ಜರಡಿಯ ಬಗ್ಗೆ ನಮಗೆ ಅನುಮಾನಗಳುಂಟು. ಮನೆಯಲ್ಲಿ ಓದಿದವರಿದ್ದರೆ ಮಗು ಮೇಲಿನ ಪಾಲಿಗೆ ಸೇರುವುದು ಸುಲಭವೆಂದು ಯಾವ ಮೇಷ್ಟ್ರಾದರೂ ಹೇಳಬಲ್ಲರು. ಆದರೂ ‘ಉಳಿದ ಎಲ್ಲರಿಗೂ’ ಎಂಬ ಮಾತು ಕಾಗದದ ಮೇಲೆ ಬಂತಲ್ಲ, ಅದೇ ಆ ಕಾಲಕ್ಕೆ ದೊಡ್ಡದು. ಜರಡಿಯಿಂದ ಕೆಳಗೆ ಬಿದ್ದವರನ್ನು ಬೀದಿಗೆ ಬಿಡಲಿಲ್ಲ.

1970ರಲ್ಲಿ ಕಾಲೇಜು ಶಾಲಾ ಆಡಳಿತದಿಂದ ಬೇರೆಯಾಯಿತು. ವಯಸ್ಕರ ಶಿಕ್ಷಣದ ಕೇಂದ್ರಗಳೂ ಅದರ ಆಡಳಿತಕ್ಕೆ ಬಂದವು. ಇನ್ನು ಮುಂದೆ ಅಲ್ಲಿ ಯಾರು ಯಾರು ಬರುತ್ತಿದ್ದರೆಂದು ನೋಡಿ: ಹೋಟೆಲಿನ ಅಡುಗೆ ಕಲಿಯುವವರು, ನರ್ಸುಗಳು, ಬೆಂಕಿ ಆರಿಸುವ ದಳಕ್ಕೆ ಸೇರುವವರು, ವಿಮಾನದ ಯಂತ್ರ ರಿಪೇರಿ ಕಲಿಯುವವರು. ಚೀನಾದಿಂದ, ಫಿಲಿಪೀನ್ಸಿನಿಂದ, ಮೆಕ್ಸಿಕೋದಿಂದ ಬಂದು ಹಗಲೆಲ್ಲ ಪಾತ್ರೆ ತೊಳೆದು ಬಟ್ಟೆ ಹೊಲಿದು, ಸಂಜೆ ಇಂಗ್ಲಿಷ್ ಅಕ್ಷರ ತಿದ್ದುವ ನಡುವಯಸ್ಸಿನ ಗಂಡಸರು ಹೆಂಗಸರು. ಪೌರತ್ವದ ಪರೀಕ್ಷೆಗೆ ತಯಾರಾಗುವ ಮುದುಕರು. ಫಿಲಿಪೀನ್ ಜನರ ಚರಿತ್ರೆಯನ್ನೂ ಭಾಷೆಯನ್ನೂ ಕಲಿಸುವ ವಿಭಾಗ 1970ರಲ್ಲೇ ಅಲ್ಲಿ ತೆರೆಯಿತು. ಇಂಗ್ಲಿಷ್ ಕಲಿಸುವ ತರಗತಿಗಳಂತೂ ಕಾಲೇಜಿನ ಬೆನ್ನೆಲುಬೇ ಆದವು.

ಇಷ್ಟಕ್ಕೂ ಹಣ ಎಲ್ಲಿಂದ ಬರುತ್ತಿತ್ತು? ಬಹುಪಾಲು ಊರಿನ ಮನೆ, ಮಳಿಗೆ, ಜಮೀನುಗಳ ಮೇಲಿನ ತೆರಿಗೆಯಿಂದ. ಜೊತೆಗೆ ರಾಜ್ಯದ ನೆರವು. ಎಂದರೆ ವಿದ್ಯಾರ್ಥಿ ಬಾಗಿಲಲ್ಲಿ ದುಡ್ಡು ಕೊಡುತ್ತಿರಲಿಲ್ಲ. ಊರು ಹಿಂದಿನಿಂದ ಕೊಡುತ್ತಿತ್ತು. ಇದೇ ನಾವು ಹೇಳಿದ ತೆರಿಗೆಯ ಕಾಲೇಜು. ಧರ್ಮದ ಕಾಲೇಜಿನಲ್ಲಿ ಕಲಿಯುವವನು ದಾನಿಗೆ ಕೈ ಮುಗಿಯಬೇಕು. ಇಲ್ಲಿ ಅವನ ಅಪ್ಪ ಬಾಡಿಗೆಯಲ್ಲಿ, ಅವನ ಧಣಿ ಕಟ್ಟಡದ ತೆರಿಗೆಯಲ್ಲಿ ಆಗಲೇ ಕೊಟ್ಟಿದ್ದಾರೆ. ಅವನು ತಲೆಯೆತ್ತಿ ಒಳಗೆ ಹೋಗುತ್ತಾನೆ.

‘ಪುಕ್ಕಟೆ ಕೊಟ್ಟರೆ ಬೆಲೆ ತಿಳಿಯುವುದಿಲ್ಲ’ ಎಂದು ಹೇಳುವವರು ನಮ್ಮಲ್ಲೂ ಇದ್ದಾರೆ, ಅಲ್ಲಿಯೂ ಇದ್ದರು. ಅವರಿಗೆ ನಮ್ಮದೊಂದು ಪ್ರಶ್ನೆ. ಎಂಟು ಗಂಟೆ ದುಡಿದು, ಟ್ರಾಮು ಹತ್ತಿ, ರಾತ್ರಿ ಒಂಬತ್ತರ ತನಕ ಬೆಂಚಿನ ಮೇಲೆ ಕೂರುವವನು ಏನನ್ನೂ ಕೊಡಲಿಲ್ಲವೇ? ಅವನು ಕೊಟ್ಟದ್ದು ನಿದ್ರೆ, ಮನೆಯ ಊಟ, ಹೆಚ್ಚುಗಾರಿಕೆಯ ಕೂಲಿ. ರಸೀದಿ ಇಲ್ಲದ ಫೀಸು ಅದು.

ಈ ವ್ಯವಸ್ಥೆ ಕೆಟ್ಟದ್ದು ಹೇಗೆಂಬುದನ್ನು ಎಚ್ಚರಿಕೆಯಿಂದ ಕೇಳಿ. ಯಾರೂ ಬಂದು ಕಾಲೇಜಿಗೆ ಬೀಗ ಹಾಕಲಿಲ್ಲ. 1978ರ ಜೂನ್ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಮತದಾರರು 13ನೆಯ ಪ್ರಸ್ತಾಪವೆಂಬುದನ್ನು ಪಾಸು ಮಾಡಿದರು. ಆಸ್ತಿ ತೆರಿಗೆ ಬೆಲೆಯ ನೂರಕ್ಕೆ ಒಂದನ್ನು ಮೀರಬಾರದು, ಆ ಬೆಲೆಯನ್ನೂ 1975ರ ಮಟ್ಟಕ್ಕೆ ಇಳಿಸಬೇಕು ಎಂದಾಯಿತು. ಮನೆ ಉಳಿಸಿಕೊಳ್ಳಲು ಒದ್ದಾಡುತ್ತಿದ್ದ ಮುದುಕರ ಕಷ್ಟ ನಿಜವೇ. ಅದನ್ನು ಮುಂದಿಟ್ಟು ಓಟು ಕೇಳಿದರು. ಆದರೆ ಅದೇ ಕೊಡೆಯ ಕೆಳಗೆ ದೊಡ್ಡ ಕಂಪೆನಿಗಳ ಗಗನಚುಂಬಿ ಕಟ್ಟಡಗಳೂ ನೆರಳು ಪಡೆದವು. ಆಸ್ತಿ ತೆರಿಗೆಯ ಆದಾಯ ಒಂದೇ ಏಟಿಗೆ ಅರ್ಧಕ್ಕಿಂತ ಕೆಳಗೆ ಬಿತ್ತು. ಊರಿನ ಕಾಲೇಜಿನ ಅನ್ನದ ತಟ್ಟೆ ಊರಿನ ಕೈಯಿಂದ ರಾಜ್ಯದ ರಾಜಧಾನಿಗೆ ಹೋಯಿತು.

1984ರಲ್ಲಿ ರಾಜ್ಯವು ಮೊಟ್ಟಮೊದಲ ಬಾರಿಗೆ ಎಲ್ಲ ಸಮುದಾಯ ಕಾಲೇಜುಗಳಲ್ಲೂ ಫೀಸು ವಿಧಿಸಿತು. ಎಷ್ಟು? ಒಂದು ಯೂನಿಟ್ಟಿಗೆ 5 ಡಾಲರು. ಒಂದು ವಿಷಯದ ಪಾಠ ಸಾಮಾನ್ಯವಾಗಿ ಮೂರು ಯೂನಿಟ್ಟಿನದು. ಒಂದು ಅವಧಿಗೆ 50 ಡಾಲರಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಇಷ್ಟು ಸಣ್ಣ ಮೊತ್ತಕ್ಕೆ ಗಲಾಟೆಯೇಕೆ ಎಂದರು. ಆದರೆ ಬಾಗಿಲಲ್ಲಿ ಒಮ್ಮೆ ತಟ್ಟೆ ಇಟ್ಟ ಮೇಲೆ ತಟ್ಟೆಯ ಗಾತ್ರ ದೊಡ್ಡದು ಮಾಡುವುದು ಕಷ್ಟವಲ್ಲ. 2003ರಲ್ಲಿ 18 ಡಾಲರು, 2004ರಲ್ಲಿ 26, 2011ರಲ್ಲಿ 36, 2012ರಲ್ಲಿ 46. ಎರಡು ವರ್ಷದ ಪದವಿಗೆ 60 ಯೂನಿಟ್ ಬೇಕು. 1984ರಲ್ಲಿ ನಾಲ್ಕು ಅವಧಿಗೆ ಹೆಚ್ಚೆಂದರೆ 200 ಡಾಲರು ಕೊಟ್ಟು ಮುಗಿಸಬಹುದಾಗಿದ್ದ ಓದಿಗೆ 2012ರಲ್ಲಿ 2,760 ಡಾಲರು. ಸರ್ಕಾರದ ಆದಾಯ ಕುಸಿದಾಗಲೆಲ್ಲ ಫೀಸು ಏರುತ್ತದೆ. ಜನರ ಕೆಲಸ ಹೋಗುವುದೂ ಅದೇ ಕಾಲದಲ್ಲಿ. ಇಂಗ್ಲಿಷ್ ಕಲಿಕೆ, ಪೌರತ್ವ ಮೊದಲಾದ ಯೂನಿಟ್ಟಿಲ್ಲದ ತರಗತಿಗಳು ಮಾತ್ರ ಉಚಿತವಾಗಿ ಉಳಿದವು. ಕಡುಬಡವರಿಗೆ ಅರ್ಜಿ ಹಾಕಿದರೆ ವಿನಾಯಿತಿಯೂ ಇತ್ತೆಂದು ನ್ಯಾಯವಾಗಿ ಹೇಳಬೇಕು. ಆದರೆ ಎಲ್ಲರಿಗೂ ಹಕ್ಕಾಗಿದ್ದುದು ಬಡತನವನ್ನು ರುಜುವಾತು ಮಾಡಿ ಪಡೆಯುವ ವಿನಾಯಿತಿಯಾಯಿತು. ವಿದ್ಯಾರ್ಥಿ ವೇತನಕ್ಕಾಗಿ ಆದಾಯದ ಸರ್ಟಿಫಿಕೇಟು ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದವರಿಗೆ ಈ ಎರಡರ ಅಂತರವನ್ನು ನಾವು ವಿವರಿಸಬೇಕಾಗಿಲ್ಲ.

ಈಗ 2012ಕ್ಕೆ ಬರೋಣ. ಆ ವರ್ಷ ಕಾಲೇಜಿನಲ್ಲಿ ಎಂಬತ್ತೈದು ಸಾವಿರದಷ್ಟು ಜನ ಕಲಿಯುತ್ತಿದ್ದರು. ಚೀನೀಯರ ಬಡಾವಣೆಯ ಅಂಚಿನಲ್ಲಿ, ಕೀರ್ನಿ ರಸ್ತೆಯಲ್ಲಿ, ಬಹಳ ವರ್ಷಗಳ ಹೋರಾಟದ ಫಲವಾಗಿ ಹದಿನಾಲ್ಕು ಅಂತಸ್ತಿನ ಶಾಖೆ ಆಗ ತೆರೆಯಿತು. ಎದುರಿನ ದೊಡ್ಡ ಹೋಟೆಲಿನ ಮಾಲೀಕರು ಅದನ್ನು ವಿರೋಧಿಸಿದ್ದರು. ಹಾಸಿಗೆ ಹಾಸುವವರು, ಪಾತ್ರೆ ತೊಳೆಯುವವರು ಅಷ್ಟು ಎತ್ತರದ ಕಿಟಕಿಯಿಂದ ಊರನ್ನು ನೋಡುತ್ತ ಇಂಗ್ಲಿಷ್ ಕಲಿತರು. ಅದೇ ವರ್ಷ ಕಾಲೇಜುಗಳಿಗೆ ಮಾನ್ಯತೆ ನೀಡುವ ಪಶ್ಚಿಮ ಭಾಗದ ಆಯೋಗವು ‘ನಿಮ್ಮ ಮಾನ್ಯತೆಯನ್ನು ಏಕೆ ರದ್ದು ಮಾಡಬಾರದು, ಕಾರಣ ತೋರಿಸಿ’ ಎಂದು ನೋಟೀಸು ಕೊಟ್ಟಿತು. ಮಾನ್ಯತೆ ಹೋದರೆ ಸರ್ಕಾರದ ಹಣ ನಿಲ್ಲುತ್ತದೆ, ಯೂನಿಟ್ಟುಗಳಿಗೆ ಬೆಲೆಯಿಲ್ಲ. ಎಂದರೆ ಕಾಲೇಜು ಮುಚ್ಚಿದಂತೆಯೇ.

ಪಾಠ ಕೆಟ್ಟಿದೆಯೆಂಬುದು ಆಯೋಗದ ಮುಖ್ಯ ದೂರಾಗಿರಲಿಲ್ಲ. ಆಡಳಿತ ಸರಿಯಿಲ್ಲ, ಮೇಲಧಿಕಾರಿಗಳು ಸಾಲದು, ಆದಾಯದ ಬಹುಪಾಲು ಸಂಬಳಕ್ಕೇ ಹೋಗುತ್ತದೆ, ಆಪತ್ಕಾಲಕ್ಕೆ ಕೂಡಿಟ್ಟ ಹಣ ಸಾಲದು ಎಂಬುದೇ ದೊಡ್ಡ ದೂರು. ಇದರಲ್ಲಿ ಸ್ವಲ್ಪ ನಿಜವೂ ಇತ್ತು. ರಾಜ್ಯ ಅನುದಾನ ಕಡಿಮೆ ಮಾಡುತ್ತ ಹೋದಾಗ ಕಾಲೇಜಿನವರು ಮೇಷ್ಟ್ರನ್ನು ತೆಗೆಯದೆ, ಕ್ಲಾಸು ಮುಚ್ಚದೆ, ಇದ್ದುದನ್ನು ಖರ್ಚು ಮಾಡುತ್ತ ಬಂದಿದ್ದರು. ಲೆಕ್ಕಪತ್ರದಲ್ಲಿ ಸಡಿಲವಿತ್ತು. ನಮ್ಮವರ ಸಂಸ್ಥೆಯೆಂದು ಲೆಕ್ಕದ ಸಡಿಲವನ್ನು ಮುಚ್ಚಿಡುವುದು ನಮಗೆ ಶೋಭಿಸುವುದಿಲ್ಲ; ಶತ್ರುವಿಗೆ ಹಿಡಿ ಕೊಡುವುದು ಅದೇ. ಆದರೆ ಜಗಳದ ಬೇರು ಇನ್ನೂ ಆಳದಲ್ಲಿತ್ತು. ಅದೇ ಕಾಲದಲ್ಲಿ ರಾಜ್ಯದ ಆಡಳಿತಗಾರರು, ಎರಡು ವರ್ಷದಲ್ಲಿ ಪದವಿ ಮುಗಿಸಿ ಹೋಗುವವರಿಗೆ ಮೊದಲ ಮಣೆ, ಉಳಿದವರು ಆಮೇಲೆ ಎನ್ನುತ್ತಿದ್ದರು. ಮುಗಿಸಿದವರ ತಲೆ ಎಣಿಸಿದರೆ, ಒಂದೇ ಒಂದು ಲೆಕ್ಕದ ಪಾಠ ಕಲಿತು ಒಳ್ಳೆಯ ಕೆಲಸ ಹಿಡಿದವನು ‘ಅರ್ಧಕ್ಕೆ ಬಿಟ್ಟವನು’ ಎನಿಸುತ್ತಾನೆ. ಅರವತ್ತು ವರ್ಷದ ಅಜ್ಜಿ ಇಂಗ್ಲಿಷ್ ಓದಲು ಕಲಿತರೆ ಯಾವ ಕಾಲಮ್ಮಿನಲ್ಲಿ ಬರೆಯುತ್ತೀರಿ?

2013ರ ಜುಲೈಯಲ್ಲಿ ಆಯೋಗ ತೀರ್ಪು ಕೊಟ್ಟಿತು: ಒಂದು ವರ್ಷದ ನಂತರ ಮಾನ್ಯತೆ ರದ್ದು. ರಾಜ್ಯವು ಜನರು ಚುನಾಯಿಸಿದ ಮಂಡಳಿಯ ಅಧಿಕಾರವನ್ನು ಕಿತ್ತು ಒಬ್ಬ ವಿಶೇಷ ಅಧಿಕಾರಿಯ ಕೈಗೆ ಕೊಟ್ಟಿತು. ಕಾಲೇಜು ಮುಚ್ಚುತ್ತದೆಂಬ ಸುದ್ದಿಯೇ ಅರ್ಧ ಮುಚ್ಚಿದಂತೆ. ವಿದ್ಯಾರ್ಥಿಗಳು ಸಾವಿರಗಟ್ಟಲೆ ಬಿಟ್ಟು ಹೋದರು. ಆದರೆ ಊರು ಕೈಬಿಡಲಿಲ್ಲ. ನೋಟೀಸು ಬಂದ ವರ್ಷವೇ, 2012ರ ನವೆಂಬರಿನಲ್ಲಿ, ಪ್ರತಿ ನಿವೇಶನಕ್ಕೆ ವರ್ಷಕ್ಕೆ 79 ಡಾಲರು ತೆರಿಗೆಯನ್ನು ಕಾಲೇಜಿಗಾಗಿ ತಮ್ಮ ಮೇಲೆ ತಾವೇ ಹಾಕಿಕೊಂಡಿದ್ದರು. ಅದಕ್ಕೆ ಮೂರರಲ್ಲಿ ಎರಡು ಪಾಲು ಓಟು ಬೇಕಾಗಿತ್ತು. ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಬಂತು. ಅಧ್ಯಾಪಕರ ಸಂಘದವರೂ ವಿದ್ಯಾರ್ಥಿಗಳೂ ಬೀದಿಗಿಳಿದರು. ನಗರದ ಸರ್ಕಾರಿ ವಕೀಲರೇ ಆಯೋಗದ ಮೇಲೆ ದಾವೆ ಹೂಡಿದರು. ಆಯೋಗದ ಅಧ್ಯಕ್ಷೆಯ ಪತಿಯೇ ಕಾಲೇಜನ್ನು ತಪಾಸಣೆ ಮಾಡಿದ ತಂಡದಲ್ಲಿದ್ದರೆಂಬುದು ಹೊರಬಿತ್ತು. ಇದು ಸರಿಕಾಣುವುದಿಲ್ಲವೆಂದು ಕೇಂದ್ರದ ಶಿಕ್ಷಣ ಇಲಾಖೆಯೂ ಹೇಳಿತು. 2014ರ ಜನವರಿಯಲ್ಲಿ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು. 2015ರ ಮೊದಲಲ್ಲಿ, ಆಯೋಗವು ತಪಾಸಣೆಯಲ್ಲಿ ಕಾನೂನನ್ನು ಮೀರಿದೆಯೆಂದು ತೀರ್ಪಾಯಿತು. 2017ರ ಜನವರಿಯಲ್ಲಿ ಏಳು ವರ್ಷಕ್ಕೆ ಮಾನ್ಯತೆ ಮರಳಿ ಬಂತು.

ಗೆದ್ದವರು ಅಲ್ಲಿಗೇ ಸುಮ್ಮನಾಗಲಿಲ್ಲ. ಫೀಸಿನ ಪ್ರಶ್ನೆಯನ್ನು ಮತ್ತೆ ಎತ್ತಿದರು. 2016ರ ನವೆಂಬರಿನಲ್ಲಿ ಊರಿನ ಜನ ಇನ್ನೊಂದು ಓಟು ಹಾಕಿದರು. 50 ಲಕ್ಷ ಡಾಲರು ಅಥವಾ ಅದಕ್ಕೂ ಹೆಚ್ಚು ಬೆಲೆಯ ಆಸ್ತಿ ಕೈ ಬದಲಾದಾಗ ಕೊಡಬೇಕಾದ ತೆರಿಗೆಯನ್ನು ಏರಿಸುವ ಪ್ರಸ್ತಾಪ ಅದು. ಎರಡೂವರೆ ಕೋಟಿ ಡಾಲರಿಗೆ ಮೇಲಿನ ಮಾರಾಟಕ್ಕೆ ನೂರಕ್ಕೆ ಮೂರು. ಪ್ರಸ್ತಾಪ ಗೆದ್ದಿತು. ಆದರೆ ಕಾನೂನಿನ ಪ್ರಕಾರ ಆ ಹಣ ನಗರದ ಸಾಮಾನ್ಯ ಖಜಾನೆಗೆ ಹೋಗುವಂತಹುದು, ಕಾಲೇಜಿಗೇ ಮೀಸಲಲ್ಲ. ಓಟು ಕೇಳಿದ್ದು ಕಾಲೇಜಿನ ಹೆಸರಿನಲ್ಲಿ, ಹಣ ಬಿದ್ದದ್ದು ಬೇರೆ ಪೆಟ್ಟಿಗೆಗೆ! ಮತ್ತೆ ಒತ್ತಾಯ ಹೇರಬೇಕಾಯಿತು. 2017ರ ಫೆಬ್ರವರಿಯಲ್ಲಿ ನಗರದ ಮೇಯರು ಒಪ್ಪಿದರು. ಆ ವರ್ಷದ ಆಗಸ್ಟಿನಿಂದ, ಒಂದು ವರ್ಷವಾದರೂ ಆ ಊರಿನಲ್ಲಿ ವಾಸವಿದ್ದ ಯಾರೇ ಆಗಲಿ, ಬಡವರಾಗಲಿ ಬಲ್ಲಿದರಾಗಲಿ, ಯೂನಿಟ್ಟಿನ ಆ 46 ಡಾಲರನ್ನು ಕೊಡಬೇಕಾಗಿಲ್ಲವೆಂದಾಯಿತು. ಮೊದಲೇ ಫೀಸಿನ ವಿನಾಯಿತಿಯಿದ್ದ ಬಡ ವಿದ್ಯಾರ್ಥಿಗಳಿಗೆ ಪುಸ್ತಕಕ್ಕೂ ಓಡಾಟಕ್ಕೂ ಕೈಗೆ ಹಣ ಬಂತು: ಪೂರ್ಣಾವಧಿ ಓದುವವರಿಗೆ ವರ್ಷಕ್ಕೆ 500 ಡಾಲರು. ಈ ಎರಡನೆಯದನ್ನು ಮರೆಯದೆ ಸೇರಿಸಿದವರ ಬುದ್ಧಿಯನ್ನು ನಾವು ಮೆಚ್ಚುತ್ತೇವೆ. ಇಲ್ಲದಿದ್ದರೆ ಫೀಸು ತೆಗೆದ ಲಾಭವೆಲ್ಲ ನಡುಮಟ್ಟದವರಿಗೇ ಹೋಗುತ್ತಿತ್ತು. 2019ರಲ್ಲಿ ನಗರವೂ ಕಾಲೇಜೂ ಇದನ್ನು ಹತ್ತು ವರ್ಷಕ್ಕೆ ಒಪ್ಪಂದ ಮಾಡಿಕೊಂಡವು.

ಇಷ್ಟಕ್ಕೇ ನಿಲ್ಲಿಸಿದರೆ ತಾವು ಚಪ್ಪಾಳೆ ತಟ್ಟುತ್ತೀರಿ, ನಾವು ಇಳಿದು ಹೋಗಬಹುದು. ಆದರೆ ಕಥೆಯಲ್ಲಿ ಇನ್ನೊಂದು ತುಂಡು ಇದೆ. ಒಪ್ಪಂದವಾದ ಅದೇ 2019ರ ಕೊನೆಯಲ್ಲಿ ಕಾಲೇಜಿನ ಆಡಳಿತ ಹಣ ಸಾಲದೆಂದು ಮುಂದಿನ ಅವಧಿಯ ಸುಮಾರು 300 ತರಗತಿಗಳನ್ನು ಹಠಾತ್ತನೆ ರದ್ದು ಮಾಡಿತು. ವಯಸ್ಸಾದವರು ಬರುತ್ತಿದ್ದ ತರಗತಿಗಳಿಗೆ ಪೆಟ್ಟು ಜೋರಾಗಿ ಬಿತ್ತು. 2022ರ ಮೇ ತಿಂಗಳಲ್ಲಿ 38 ಮಂದಿ ಪೂರ್ಣಾವಧಿ ಅಧ್ಯಾಪಕರನ್ನು ಕೆಲಸದಿಂದ ತೆಗೆಯಲು ಮಂಡಳಿ ಓಟು ಹಾಕಿತು. ಬಿಕ್ಕಟ್ಟಿನ ಕಾಲದಲ್ಲಿ ಬಿಟ್ಟು ಹೋದ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಮರಳಿ ಬಂದಿರಲಿಲ್ಲ. ತಲೆ ಲೆಕ್ಕದ ಮೇಲೆ ಹಣ ಕೊಡುವ ರಾಜ್ಯದಿಂದ ಬರುವುದು ಅಷ್ಟಷ್ಟೇ ಕಡಿಮೆಯಾಗುತ್ತಿತ್ತು. ನಗರ ಕೊಡುವ ಹಣ ವಿದ್ಯಾರ್ಥಿಯ ಫೀಸಿಗೆ. ಮೇಷ್ಟ್ರ ಸಂಬಳದ ಹೊರೆ ರಾಜ್ಯದ ಅನುದಾನದ ಮೇಲೆ. ಬಾಗಿಲು ತೆರೆದಿದೆ, ಆದರೆ ಸಂಜೆ ಏಳರ ಕ್ಲಾಸು ಪಟ್ಟಿಯಲ್ಲಿಲ್ಲ. ಹಗಲು ದುಡಿಯುವವನಿಗೆ ಸಂಜೆಯ ಕ್ಲಾಸಿಲ್ಲದ ಉಚಿತ ಕಾಲೇಜು ಎಷ್ಟರದು?

ಅಲ್ಲಿಯ ಅಧ್ಯಾಪಕರ ಸಂಘ ಈ ಪ್ರಶ್ನೆಯನ್ನೇ ಹಿಡಿದುಕೊಂಡು ನಿಂತಿತು. ತೆಗೆದವರನ್ನು ಹಿಂದಕ್ಕೆ ಕರೆಸಿ, ಕ್ಲಾಸುಗಳನ್ನು ಮತ್ತೆ ತೆರೆಯಿರಿ, ಆಗ ವಿದ್ಯಾರ್ಥಿಗಳು ಬರುತ್ತಾರೆ ಎಂಬುದು ಅವರ ವಾದ; ವಿದ್ಯಾರ್ಥಿಗಳು ಮೊದಲು ಬರಲಿ, ಆಮೇಲೆ ಕ್ಲಾಸು ಎಂಬುದು ಆಡಳಿತದ ವಾದ. ಫೀಸಿನ ಹತ್ತು ವರ್ಷದ ಒಪ್ಪಂದ 2029ಕ್ಕೆ ಮುಗಿಯುತ್ತದೆ. ಅದನ್ನು ಮತ್ತೆ ಬರೆಸಬೇಕಾದವರು ಆ ಊರಿನ ಓಟುದಾರರೇ. ತಮ್ಮಲ್ಲಿ ಯಾರಿಗಾದರೂ ಪ್ರಶ್ನೆಗಳಿದ್ದರೆ ಕೇಳಬಹುದು. ಹಿಂದಿನ ಸಾಲಿನಲ್ಲಿ ಕುಳಿತ ಹುಡುಗರು ಮೊದಲು ಕೇಳಲಿ.